ಗೊಂಬೆ ಹಬ್ಬದ ಹಾಡಿನ ಸಂಜೆಗೆ ಯಾವ ಕರೋಕೆ ಮೈಕ್ ಒಳ್ಳೇದು?

ಯಾವುದೂ ಬೇಡ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದು, ಮೈಕು ಬಂದು, ಈಗ ಅಟ್ಟ ಸೇರಿದೆ. ಗೊಂಬೆ ನೋಡಲು ಬರುವ ಹದಿನೈದು ಜನರೂ ತಮ್ಮ ಮೆಚ್ಚಿನ ಹಾಡು ಹೇಳಬೇಕು, ಉಳಿದವರು ದನಿಗೂಡಿಸಬೇಕು ಅಂದಿದ್ದೀರಿ. ಸಾಧಾರಣ ಹಾಲ್‌ನಲ್ಲಿ ಇದಕ್ಕೆ ಮೈಕೇ ಬೇಕಿಲ್ಲ. ಮೈಕ್ ಹಿಡಿದವರು ಹಾಡುತ್ತಾರೆ, ಮಿಕ್ಕವರು ಮೊಬೈಲ್ ನೋಡುತ್ತಾರೆ, ಅಷ್ಟೇ ಆಗೋದು. ದನಿಯನ್ನು ಫೋನಿನ ಮೂಲಕ ಬ್ಲೂಟೂತ್ ಸ್ಪೀಕರಿಗೆ ಕಳಿಸಿದರಂತೂ ಅದು ತಡವಾಗಿ ಕಿವಿಗೆ ಬಿದ್ದು ಹಾಡುವವರ ತಾಳವೇ ತಪ್ಪುತ್ತದೆ.

ಇಂಥ ಸಂಜೆಗಳನ್ನು ಕೆಡಿಸೋದು ಶ್ರುತಿ, ಅಂದರೆ ಹಾಡಿನ ‘ಸ’ವನ್ನು ಎಷ್ಟು ಎತ್ತರದಲ್ಲಿ ಹಿಡಿಯುತ್ತೀರಿ ಅನ್ನೋದು. ಇದೊಂದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಯಾರೋ ಒಬ್ಬರು ಪಲ್ಲವಿಯನ್ನು ತಮಗೆ ತೋಚಿದ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾರೆ. ಪಲ್ಲವಿ ಸಾಮಾನ್ಯವಾಗಿ ಕೆಳಗಡೆಯೇ ಓಡಾಡಿಕೊಂಡಿರುವುದರಿಂದ ಎಲ್ಲರೂ ಖುಷಿಯಾಗಿ ಸೇರುತ್ತಾರೆ. ಚರಣ ಮೇಲೇರುತ್ತಿದ್ದಂತೆ ಗಂಡಸರು ಒಬ್ಬೊಬ್ಬರೇ ಬಾಯಿ ಮುಚ್ಚುತ್ತಾರೆ, ಹೆಂಗಸರಲ್ಲಿ ಇಬ್ಬರು ಕಿರುಚುತ್ತಾರೆ, ಇನ್ನೊಬ್ಬರು ಅರ್ಧ ಸಾಲಿನಲ್ಲಿ ಕೆಳಸ್ಥಾಯಿಗೆ (ಸರಿಗಮಪದನಿಯ ಕೆಳಗಿನ ಸುತ್ತಿಗೆ) ಹಾರುತ್ತಾರೆ. ಆಮೇಲೆ ಎಲ್ಲರೂ ನಕ್ಕು, ‘ನೀವೇ ಹೇಳಿ, ನಾವು ಕೇಳ್ತೀವಿ’ ಅಂದುಬಿಡುತ್ತಾರೆ. ಸಂಗೀತ ಕಲಿತ ಗಂಡಸರು ಸಾಮಾನ್ಯವಾಗಿ ಬಿಳಿ ಒಂದು–ಬಿಳಿ ಎರಡರ (ಹಾರ್ಮೋನಿಯಂನ ಬಿಳಿ, ಕಪ್ಪು ಮನೆಗಳನ್ನು ಹೀಗೆ ಎಣಿಸುತ್ತಾರೆ) ಆಸುಪಾಸಿನಲ್ಲಿ ಹಾಡಿದರೆ ಹೆಂಗಸರು ಬಿಳಿ ಐದು–ಬಿಳಿ ಆರರಲ್ಲಿ ಹಾಡುತ್ತಾರೆ. ಒಬ್ಬರಿಗೆ ಹಿತವಾದ ಷಡ್ಜ (‘ಸ’) ಇನ್ನೊಬ್ಬರಿಗೆ ಹಿಂಸೆ. ಕರೋಕೆ ಟ್ರ್ಯಾಕ್ ಹಾಕಿದರೆ ಇನ್ನೂ ಕಷ್ಟ, ಅದು ಹಿನ್ನೆಲೆ ಗಾಯಕರ ಶ್ರುತಿಯಲ್ಲೇ ಕೂತಿರುತ್ತದೆ. ಆ್ಯಪ್‌ನಲ್ಲಿ ಇಳಿಸಬಹುದು ನಿಜ, ಆದರೆ ಮೂರು–ನಾಲ್ಕು ಸ್ವರಸ್ಥಾನಕ್ಕಿಂತ ಜಾಸ್ತಿ ಇಳಿಸಿದರೆ ವಾದ್ಯಗಳ ದನಿಯೇ ವಿಕಾರವಾಗುತ್ತದೆ.

ಹಾಗಾಗಿ ಷಡ್ಜದಿಂದ ಲೆಕ್ಕ ಹಾಕಬೇಡಿ. ಹಾಡಿನ ಅತಿ ಮೇಲಿನ ಸ್ವರದಿಂದ ಹಾಕಿ. ಕಲಿಯದ ಕಂಠಗಳ ಗುಂಪಿನಲ್ಲಿ ಆ ಸ್ವರ ಹಾರ್ಮೋನಿಯಂನ ಬಿಳಿ ಒಂದು ಅಥವಾ ಬಿಳಿ ಎರಡರ ಮೇಲೆ ಬೀಳಬೇಕು. ಗಂಡಸರು ಅದನ್ನೇ ಹೆಂಗಸರಿಗಿಂತ ಒಂದು ಸ್ಥಾಯಿ ಕೆಳಗೆ ಹಿಡಿಯುತ್ತಾರೆ, ಇಬ್ಬರಿಗೂ ನಿಭಾಯಿಸುತ್ತದೆ. ಮಂದ್ರ ಪಂಚಮಕ್ಕಿಳಿದು (ಕೆಳಸ್ಥಾಯಿಯ ‘ಪ’) ತಾರ ಷಡ್ಜದಲ್ಲಿ (ಮೇಲುಸ್ಥಾಯಿಯ ‘ಸ’) ನಿಲ್ಲುವ ಹಾಡಿಗೆ ಬಿಳಿ ಎರಡನ್ನು ಷಡ್ಜ ಮಾಡಿ. ಷಡ್ಜದಿಂದ ಕೆಳಗಿಳಿಯದೆ ತಾರ ಗಾಂಧಾರ (‘ಗ’) ಮುಟ್ಟುವ ಹಾಡಾದರೆ ಬಿಳಿ ಆರು, ಹೆಚ್ಚೆಂದರೆ ಕಪ್ಪು ಐದು. ಮಂದ್ರ ಪಂಚಮ, ತಾರ ಪಂಚಮ ಎರಡನ್ನೂ ಮುಟ್ಟುವ ಹಾಡು ಎರಡು ಪೂರ್ತಿ ಸ್ಥಾಯಿ ಕೇಳುತ್ತದೆ. ಅದನ್ನು ಬಲ್ಲವರೊಬ್ಬರೇ ಹಾಡಲಿ. ಸಿನಿಮಾ ಹಾಡುಗಳಲ್ಲಿ ಬಹಳಷ್ಟು ಈ ಕಡೆಗೇ ವಾಲುತ್ತವೆ.

ಸ್ವರಜ್ಞಾನ ಇಲ್ಲದಿದ್ದರೂ ತೊಂದರೆಯಿಲ್ಲ. ಹಿಂದಿನ ದಿನ ಪ್ರತಿ ಹಾಡಿನಲ್ಲೂ ಅತಿ ಮೇಲೇರುವ ಸಾಲನ್ನು ಮೊದಲು ಹಾಡಿ ನೋಡಿ. ಆ ಸಾಲು ಕುತ್ತಿಗೆಯ ನರ ಉಬ್ಬದೆ ಬಂತಾದರೆ ಅದೇ ಶ್ರುತಿಯಲ್ಲಿ ಪಲ್ಲವಿಗಿಳಿಯಿರಿ. ತಂಬೂರಿ ಆ್ಯಪ್‌ನಲ್ಲಿ ಆ ಶ್ರುತಿ ಹುಡುಕಿ (ಬಿಳಿ ಒಂದು ಅಂದರೆ ‘ಸಿ’, ಎರಡು ‘ಡಿ’, ಆರು ‘ಎ’), ಸಾಹಿತ್ಯದ ಹಾಳೆಯ ಮೂಲೆಯಲ್ಲಿ ಬರೆದಿಡಿ. ಮಾರನೇ ದಿನ ತಂಬೂರಿ ಹತ್ತು ಸೆಕೆಂಡು ನುಡಿದ ಮೇಲೇ ಹಾಡು ಶುರುವಾಗಲಿ. ಆ ಹತ್ತು ಸೆಕೆಂಡಿಗೆ ಯಾರಿಗೂ ತಾಳ್ಮೆಯಿರುವುದಿಲ್ಲ, ನೀವು ಜಗ್ಗಬೇಡಿ.

ಇನ್ನು ಯಾವ ಹಾಡು? ಮೆಚ್ಚಿನ ಹಾಡು ಬೇರೆ, ಕೂಡಿ ಹಾಡುವ ಹಾಡು ಬೇರೆ. ‘ಜಗದೋದ್ಧಾರನ’ ಕೇಳಲು ಎಷ್ಟು ಚೆನ್ನ, ಆದರೆ ಅದರ ನಿಧಾನ ಲಯದಲ್ಲಿ ಹದಿನೈದು ಜನ ಒಟ್ಟಿಗೆ ಎಳೆದರೆ ದೇವರೇ ಗತಿ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಲ್ಲರಿಗೂ ಒಗ್ಗುತ್ತದೆ, ಪ್ರತಿ ಚರಣದ ಕೊನೆಗೂ ಪಲ್ಲವಿ ಮರಳುತ್ತದಲ್ಲ. ಚರಣ ಒಬ್ಬರು, ಪಲ್ಲವಿ ಎಲ್ಲರೂ. ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಇನ್ನೂ ಸಲೀಸು. ‘ನೋಡವ್ವ ತಂಗಿ’ ಅನ್ನೋದಷ್ಟನ್ನೇ ಮಕ್ಕಳಿಗೆ ಬಿಟ್ಟುಕೊಡಿ, ಮನೆ ಹಾರಿಹೋಗುತ್ತದೆ.

ರಂಗಗೀತೆ ಬೇಕು ಅಂದಿದ್ದೀರಿ, ಒಳ್ಳೇದೇ. ಆದರೆ ಹಳೇ ಕಂಪನಿ ನಾಟಕದ ಹಾಡುಗಳನ್ನು ಧ್ವನಿಮುದ್ರಿಕೆಯ ಶ್ರುತಿಯಲ್ಲೇ ಎತ್ತಿಕೊಳ್ಳಬೇಡಿ. ಮೈಕಿಲ್ಲದ ಕಾಲದಲ್ಲಿ ಕೊನೇ ಸಾಲಿನವರಿಗೂ ಮುಟ್ಟಿಸಬೇಕಿದ್ದ ನಟರ ಏರುದನಿ ಅದು. ನನಗೆ ಬಿ.ವಿ. ಕಾರಂತರ ನಾಟಕಗಳ ಹಾಡುಗಳೇ ಇಷ್ಟ. ಮೇಳಕ್ಕೆಂದೇ ಕಟ್ಟಿದ ಮಟ್ಟುಗಳು, ಚಿಕ್ಕ ಸಾಲು, ಮತ್ತೆ ಮತ್ತೆ ಬರುವ ಸೊಲ್ಲು. ‘ಸತ್ತವರ ನೆರಳು’ ನಾಟಕಕ್ಕೆ ಅವರು ದಾಸರ ಪದಗಳನ್ನೇ ಬಳಸಿಕೊಂಡಿದ್ದರು. ಸಾಹಿತ್ಯ ಮನೆಯ ಹಿರಿಯರಿಗೆ ಗೊತ್ತು, ಮಟ್ಟು ಹುಡುಗರಿಗೆ ಹಿಡಿಸುತ್ತದೆ. ಹಬ್ಬಕ್ಕೆ ಇದಕ್ಕಿಂತ ಸೇತುವೆ ಬೇಕೆ?

ಒಬ್ಬರಿಗೆ ಪಲ್ಲವಿ, ಎರಡು ಚರಣ, ಅಷ್ಟೇ. ನಾಲ್ಕು ನಿಮಿಷದ ಹದಿನೈದು ಹಾಡು ಅಂದರೆ ಒಂದು ಗಂಟೆ, ನಡುವೆ ‘ನಂಗೆ ಗಂಟಲು ಸರಿಯಿಲ್ಲ’ ಅನ್ನುವ ಉಪಚಾರಕ್ಕೆ ಇನ್ನೊಂದು ಅರ್ಧ ಗಂಟೆ. ಆರೂವರೆಗೆ ದೀಪ ಹಚ್ಚಿ ಶುರುಮಾಡಿದರೆ ಎಂಟಕ್ಕೆ ಆರತಿ. ಸಾಹಿತ್ಯವನ್ನು 16 ಪಾಯಿಂಟಿನಲ್ಲಿ ಅಚ್ಚು ಹಾಕಿಸಿ, ಇಬ್ಬರಿಗೊಂದು ಹಾಳೆ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಎಲ್ಲರ ತಲೆಯೂ ಫೋನಿನೊಳಗೆ. ಕೈತಾಳ ಒಂದೇ ಜೊತೆ ಇರಲಿ, ಅದೂ ಲಯ ಓಡಿಸದವರ ಕೈಯಲ್ಲಿ. ಎರಡು ಜೊತೆ ಕೊಟ್ಟರೆ ಪೈಪೋಟಿಗೆ ಬಿದ್ದು ಮೂರನೇ ಚರಣದ ಹೊತ್ತಿಗೆ ಹಾಡು ರೈಲು ಹತ್ತಿರುತ್ತದೆ (ಎರಡೇ ಚರಣ ಅಂದದ್ದಕ್ಕೆ ಇದೂ ಒಂದು ಕಾರಣ).

ಚರ್ಪು, ಅಂದರೆ ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ, ಹಾಡು ಮುಗಿದ ಮೇಲೆ. ಕಡಲೆ ಉಸ್ಲಿ ಬಾಯಲ್ಲಿದ್ದರೆ ಯಾರೂ ಹಾಡುವುದಿಲ್ಲ, ಚಕ್ಕುಲಿ ತಿಂದವರ ಗಂಟಲು ಕರಕರ ಅನ್ನುತ್ತದೆ. ಮಕ್ಕಳಿಗೆ ಮಾತ್ರ ಗೊಂಬೆ ಬಾಗಿನ ಮೊದಲೇ ಕೊಟ್ಟುಬಿಡಿ, ಅವರು ಕಾಯುವುದಿಲ್ಲ. ಕುಡಿಯಲು ಬೆಚ್ಚಗಿನ ನೀರಿರಲಿ.

ನಿಮ್ಮ ಅತ್ತೆಯವರ ಆರತಿ ಹಾಡನ್ನು ರೆಕಾರ್ಡ್ ಮಾಡುವುದು ಹೇಗೆ ಅಂತಲೂ ಕೇಳಿದ್ದೀರಿ. ಆರತಿಯ ಹೊತ್ತಿನಲ್ಲಿ ಬೇಡ, ಗಂಟೆಯ ಸದ್ದಿನಲ್ಲಿ ದನಿ ಮುಳುಗುತ್ತದೆ. ಬೆಳಿಗ್ಗೆಯೇ, ಫ್ಯಾನ್ ಆರಿಸಿ, ಬಟ್ಟೆ–ಹಾಸಿಗೆ ಇರುವ ಕೋಣೆಯಲ್ಲಿ ಮಾಡಿ, ಹಾಲ್‌ನಲ್ಲಿ ದನಿ ಮಾರ್ದನಿಸುತ್ತದೆ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಮಡಚಿದ ಟವೆಲ್ ಮೇಲೆ ಬಾಯಿಂದ ಒಂದೂವರೆ ಅಡಿ ದೂರ, ನೇರ ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕಿಡಿ. ಮೊದಲು ಸಾಹಿತ್ಯವನ್ನು ಮಾತಿನಲ್ಲಿ ಹೇಳಿಸಿ, ಆಮೇಲೆ ಹಾಡಿಸಿ. ವಯಸ್ಸಾದವರು ಹಾಡುವಾಗ ನುಂಗುವ ಅಕ್ಷರಗಳು ಆ ಮಾತಿನಲ್ಲಿ ಸಿಗುತ್ತವೆ. ಅವರಿಗೆ ತಂಬೂರಿ ಹಾಕಬೇಡಿ, ಅವರ ಶ್ರುತಿ ಅವರಿಗಿರುತ್ತದೆ.