ನೆತ್ತಿಯ ಸ್ಕ್ಯಾನ್ ಸರಿಯಿದ್ದರೂ ಬೆನ್ನಿನಿಂದ ನೀರು ತೆಗೆದದ್ದೇಕೆ?

ಪ್ರಶ್ನೆ: ಹೋದ ತಿಂಗಳು ನಮ್ಮ ಮೂರು ತಿಂಗಳ ಮಗಳು ಜ್ವರ ಬಂದು ಹಾಲು ಬಿಟ್ಟಳು, ಒಮ್ಮೆ ಫಿಟ್ಸ್ ಕೂಡ ಬಂತು. ಆಸ್ಪತ್ರೆಯಲ್ಲಿ ತಲೆಗೆ ಅಲ್ಟ್ರಾಸೌಂಡ್ ಮಾಡಿ ಏನೂ ತೊಂದರೆಯಿಲ್ಲ ಎಂದವರು, ಬೆನ್ನಿನಿಂದ ನೀರು ತೆಗೆಯಲೇಬೇಕೆಂದೂ ಹೇಳಿದರು. ಮಗುವಿನ ಕಾಲು ಸ್ವಾಧೀನ ತಪ್ಪೀತೆಂದು ನಮ್ಮ ಅತ್ತೆ ಹೆದರಿದ್ದರಿಂದ ಒಪ್ಪಿಗೆ ಕೊಡಲು ಅರ್ಧ ದಿನ ತಡವಾಯಿತು. ಮೆನಿಂಜೈಟಿಸ್ (ಮಿದುಳು, ಬೆನ್ನುಹುರಿಗಳನ್ನು ಸುತ್ತಿದ ಪೊರೆಯ ಸೋಂಕು) ಎಂದು ಗೊತ್ತಾಗಿ, ಚಿಕಿತ್ಸೆ ಮುಗಿದು ಮಗು ಈಗ ಮನೆಯಲ್ಲಿದೆ. ಸ್ಕ್ಯಾನಿನಲ್ಲೇ ಇದು ತಿಳಿಯಬೇಕಿತ್ತಲ್ಲವೇ? ಮತ್ತೆ ಸ್ಕ್ಯಾನಿಗೆ ಕರೆದಿರುವುದೇಕೆ?
— ಒಬ್ಬ ತಾಯಿ, ರಾಜಾಜಿನಗರ, ಬೆಂಗಳೂರು

ಉತ್ತರ: ಅಜ್ಜಿಯರು ಹರಳೆಣ್ಣೆ ಇಡುವ ಮೆತ್ತನೆಯ ನೆತ್ತಿಯಲ್ಲಿ ಮೂಳೆ ಇನ್ನೂ ಕೂಡಿಕೊಂಡಿರುವುದಿಲ್ಲ. ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ಮುಚ್ಚಿಕೊಳ್ಳುವ ಆ ಜಾಗದ ಮೂಲಕ ಶಬ್ದದ ಅಲೆಗಳು ಮಿದುಳನ್ನು ತಲುಪುವುದರಿಂದ, ವಿಕಿರಣವಾಗಲಿ ನಿದ್ದೆಯ ಔಷಧಿಯಾಗಲಿ ಇಲ್ಲದೆ ಹಾಸಿಗೆಯ ಪಕ್ಕದಲ್ಲೇ ಈ ಪರೀಕ್ಷೆ ಮಾಡಬಹುದು. ಆದರೆ ಅದರಲ್ಲಿ ಕಾಣುವುದು ಸೋಂಕಲ್ಲ, ಸೋಂಕು ಉಂಟುಮಾಡಿದ ಬದಲಾವಣೆಗಳು: ಮಿದುಳಿನ ಮಡಿಕೆಗಳ ಸಂದುಗಳು ಹೆಚ್ಚು ಬೆಳ್ಳಗೆ ಕಾಣುವುದು, ಒಳಗಿನ ನೀರಿನ ಕುಹರಗಳು ಹಿಗ್ಗುವುದು, ಪೊರೆಯ ಕೆಳಗೆ ದ್ರವ ಅಥವಾ ಕೀವು ಸೇರುವುದು. ಮೊದಲ ದಿನಗಳಲ್ಲಿ ಇವು ಯಾವುವೂ ಇಲ್ಲದಿರಬಹುದು. ಆದ್ದರಿಂದ ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ಮೆನಿಂಜೈಟಿಸ್ ಇಲ್ಲವೆಂದು ಹೇಳಲಾಗದು. ಬಿಳಿ ರಕ್ತಕಣಗಳು ಎಷ್ಟಿವೆ, ಸಕ್ಕರೆ ಇಳಿದಿದೆಯೇ, ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದಕ್ಕೆ ಯಾವ ಆ್ಯಂಟಿಬಯೋಟಿಕ್ ತಾಗುತ್ತದೆ ಎಂಬುದು ಬೆನ್ನಿನ ನೀರಿನಿಂದಲೇ, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವದಿಂದಲೇ, ತಿಳಿಯಬೇಕು.

ನಿಮ್ಮ ಅತ್ತೆಯವರ ಭಯವನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಸೊಂಟದ ಬಳಿ. ಹಾಗಾಗಿ ಕಾಲು ಸ್ವಾಧೀನ ತಪ್ಪುವ ಭಯಕ್ಕೆ ಆಧಾರವಿಲ್ಲವೆಂದು ಅವರಿಗೆ ದಯವಿಟ್ಟು ತಿಳಿಸಿ. ನೀರು ತೆಗೆಯುವುದು ತಡವಾಗುವುದಾದರೆ ವೈದ್ಯರು ಆ್ಯಂಟಿಬಯೋಟಿಕ್ ಅನ್ನು ಮೊದಲೇ ಆರಂಭಿಸುತ್ತಾರೆ. ಆದರೆ ಆಮೇಲೆ ತೆಗೆದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ, ಸರಿಯಾದ ಔಷಧಿಯನ್ನು ಆರಿಸುವುದು ಕಷ್ಟವಾಗಬಹುದು.

ಸೂಜಿಯಿಲ್ಲದೆ, ನೆತ್ತಿಯ ಮೇಲಿಟ್ಟ ಅಲ್ಟ್ರಾಸೌಂಡಿನಿಂದಲೇ ಆ ದ್ರವದ ಬಿಳಿ ಕಣಗಳನ್ನು ಗುರುತಿಸುವ ಸಾಧನವೊಂದನ್ನು ಬಾರ್ಸಿಲೋನಾದಲ್ಲಿ ರೂಪಿಸಿ, ಸ್ಪೇನ್, ಮೊಜಾಂಬಿಕ್, ಮೊರಾಕೊಗಳ ಶಿಶುಗಳಲ್ಲಿ ಪರೀಕ್ಷಿಸಿದ್ದಾರೆ. ಪ್ರಯೋಗಾಲಯ ದೂರವಿರುವ ಊರುಗಳಿಗೆ ಇದು ಬರಲಿ ಎಂಬುದು ನನ್ನ ಹಾರೈಕೆ. ಆದರೂ ಬ್ಯಾಕ್ಟೀರಿಯಾ ಯಾವುದೆಂದು ಅದರಿಂದ ತಿಳಿಯದು.

ನಿಮ್ಮನ್ನು ಮತ್ತೆ ಕರೆದಿರುವುದು ಸರಿಯಾಗಿಯೇ ಇದೆ. ಕಾಯಿಲೆ ವಾಸಿಯಾದ ಮೇಲೂ ಮಿದುಳಿನ ಕುಹರಗಳಲ್ಲಿ ನೀರು ತುಂಬಿಕೊಳ್ಳಬಹುದು. ಅದನ್ನು ಗಮನಿಸಲು ನೆತ್ತಿಯ ಸ್ಕ್ಯಾನ್‌ನಷ್ಟು ಅನುಕೂಲದ ಪರೀಕ್ಷೆ ಈ ವಯಸ್ಸಿನಲ್ಲಿ ಬೇರೆಯಿಲ್ಲ. ಹೋದಾಗ ತಲೆಯ ಸುತ್ತಳತೆಯನ್ನು ಬರೆಸಿಕೊಳ್ಳಿ. ಮಗು ಶಬ್ದಕ್ಕೆ ತಿರುಗುತ್ತಿದ್ದರೂ ಕಿವಿಯ ಪರೀಕ್ಷೆಯನ್ನು ತಪ್ಪದೆ ಮಾಡಿಸಿ, ಏಕೆಂದರೆ ಈ ಕಾಯಿಲೆಯಿಂದ ಒಂದೇ ಕಿವಿ ಮಂದವಾಗಿದ್ದರೆ ಮನೆಯವರಿಗೆ ಅದು ಗೊತ್ತಾಗುವುದಿಲ್ಲ.