ಕಸ ಹೀರುವ ಯಂತ್ರ ಕಟ್ಟಿಕೊಂಡಾಗ ಕೈ ಹಾಕುವ ಮೊದಲು

ಪೆಟ್ರೋಲ್ ಎಂಜಿನ್ ಇರುವ, ಹಿಂದಿನಿಂದ ತಳ್ಳಿಕೊಂಡು ಹೋಗುವ ಕಸ ಹೀರುವ ಯಂತ್ರದ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ, ಅದಕ್ಕಿಂತ ಜಾಸ್ತಿ ಭಯ ಆಗುತ್ತದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಆಯಿಲ್ ಎಲ್ಲಿ ಹಾಕಬೇಕು, ಚೋಕ್ ಯಾವಾಗ ಎಳೆಯಬೇಕು ಅನ್ನುವುದು ಯಂತ್ರದ ಜೊತೆ ಬಂದ ಕೈಪಿಡಿಯಲ್ಲೇ ಇದೆ. ಅದನ್ನು ದಯವಿಟ್ಟು ಓದಿಕೊಳ್ಳಿ.

ಪ್ರಶ್ನೆ: ಒದ್ದೆ ಎಲೆ ಸಿಕ್ಕಿಕೊಂಡು ಯಂತ್ರ ಆಗಾಗ ಕಟ್ಟಿಕೊಳ್ಳುತ್ತದೆ. ಪ್ರತಿ ಸಲ ಎಂಜಿನ್ ನಿಲ್ಲಿಸಿ ಮತ್ತೆ ಹಗ್ಗ ಎಳೆಯುವಷ್ಟರಲ್ಲಿ ತೋಳು ಸೋತು ಹೋಗುತ್ತದೆ. ಐಡಲ್‌ನಲ್ಲಿಟ್ಟು, ಅಂದರೆ ಎಂಜಿನ್ ಆಫ್ ಮಾಡದೆ ಅತಿ ಕಡಿಮೆ ವೇಗದಲ್ಲಿ ಓಡಲು ಬಿಟ್ಟು, ದಪ್ಪ ಗ್ಲೌಸ್ ಹಾಕಿಕೊಂಡು, ಕೋಲಿನಿಂದ ಕೆದಕಿ ತೆಗೆಯಬಹುದಾ?

ಬೇಡ. ಕೋಲೂ ಬೇಡ, ಗ್ಲೌಸೂ ಬೇಡ, ‘ಒಂದೇ ಒಂದು ಸಲ’ ಅನ್ನುವುದೂ ಬೇಡ.

ಒಳಗೆ ಏನಿದೆ ಅಂತ ಮೊದಲು ತಿಳಿದುಕೊಳ್ಳಿ. ಮೂತಿಯಿಂದ ಬಂದ ಕಸ ಒಂದು ಫ್ಯಾನಿನ ಮೂಲಕ ಹಾದು ಚೀಲಕ್ಕೆ ಹೋಗುತ್ತದೆ. ಈ ಫ್ಯಾನನ್ನು ಇಂಪೆಲ್ಲರ್ ಅನ್ನುತ್ತಾರೆ. ಹೆಚ್ಚಿನ ಯಂತ್ರಗಳಲ್ಲಿ ಅದನ್ನು ನೇರವಾಗಿ ಎಂಜಿನ್ನಿನ ಶಾಫ್ಟಿಗೇ ಕೂರಿಸಿರುತ್ತಾರೆ. ನಡುವೆ ಕ್ಲಚ್ ಇಲ್ಲ. ಅಂದರೆ ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಫ್ಯಾನ್ ತಿರುಗುತ್ತದೆ. ತಾನೇ ಮುಂದೆ ಸಾಗುವ ಮಾದರಿಗಳಲ್ಲಿ ಹಿಡಿಯ ಲಿವರ್ ಬಿಟ್ಟರೆ ಚಕ್ರ ನಿಲ್ಲುತ್ತದೆ, ಫ್ಯಾನ್ ನಿಲ್ಲುವುದಿಲ್ಲ. ಯಂತ್ರ ನಿಂತಲ್ಲೇ ನಿಂತಿದೆ ಅಂತ ನಂಬಿ ಕೈ ಹಾಕುವವರು ಎಷ್ಟೋ ಜನ.

ಐಡಲ್ ಅಂದರೆ ನಿಧಾನ ಅಂದುಕೊಂಡಿದ್ದೀರಿ, ಅಲ್ವಾ? ಐಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ಅದು ಸೆಕೆಂಡಿಗೆ 30 ಸುತ್ತು. ಫ್ಯಾನಿಗೆ ನಾಲ್ಕು ಅಲಗಿದ್ದರೆ, ಒಂದೇ ಸೆಕೆಂಡಿನಲ್ಲಿ ಒಂದು ಜಾಗವನ್ನು 120 ಸಲ ಅಲಗು ಹಾದುಹೋಗುತ್ತದೆ. ಕೋಲು ಅದಕ್ಕೆ ತಗುಲಿದರೆ ನಿಮ್ಮ ಕೈಯನ್ನು ಎಳೆದುಕೊಳ್ಳುತ್ತದೆ, ಇಲ್ಲವೇ ಮುರಿದು ಮುಖಕ್ಕೆ ಹಾರುತ್ತದೆ. ಗ್ಲೌಸ್ ಗಾಜಿನ ಚೂರು, ಮುಳ್ಳು ತಡೆಯುತ್ತದೆ, ಅಲಗನ್ನು ತಡೆಯುವುದಿಲ್ಲ. ಗ್ಲೌಸಿನ ಬಟ್ಟೆ ಸಿಕ್ಕಿಕೊಂಡರೆ ಬೆರಳಿನ ಜೊತೆ ಇಡೀ ಕೈ ಒಳಗೆ ಹೋಗುತ್ತದೆ.

ಇನ್ನು ‘ನಾನು ಆಫ್ ಮಾಡಿಯೇ ಕೈ ಹಾಕುತ್ತೇನೆ’ ಅನ್ನುವವರಿಗೆ. ಆಫ್ ಮಾಡಿದ ತಕ್ಷಣ ಫ್ಯಾನ್ ನಿಲ್ಲುವುದಿಲ್ಲ. ತನ್ನ ಭಾರದ ಮೇಲೆ ಇನ್ನೂ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಎಂಜಿನ್ ಸದ್ದು ನಿಂತ ಮೇಲೆ ಒಳಗಿನ ಸುಯ್ ಅನ್ನುವ ಸದ್ದೂ ಪೂರ್ತಿ ನಿಲ್ಲಬೇಕು.

ನಿಂತ ಮೇಲೂ ಕೆಲಸ ಮುಗಿದಿಲ್ಲ. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು ತೆಗೆಯಿರಿ. ‘ಸ್ವಿಚ್ ಆಫ್ ಇದೆಯಲ್ಲ, ಇದ್ಯಾಕೆ?’ ಅಂತ ಎಲ್ಲರೂ ಕೇಳುವುದು ಇಲ್ಲೇ. ಈ ಸಣ್ಣ ಎಂಜಿನ್ನುಗಳಿಗೆ ಕಿಡಿ ಕೊಡಲು ಬ್ಯಾಟರಿ ಬೇಕಿಲ್ಲ. ಫ್ಲೈವೀಲ್ ಅನ್ನುವ, ಶಾಫ್ಟಿನ ಜೊತೆ ತಿರುಗುವ ಭಾರದ ಚಕ್ರದಲ್ಲಿ ಅಯಸ್ಕಾಂತ ಇದೆ. ಅದು ಕಾಯಿಲ್ ಅನ್ನುವ ತಂತಿ ಸುರುಳಿಯ ಪಕ್ಕ ಹಾದುಹೋದರೆ ಅದೇ ಕಿಡಿ ಹುಟ್ಟಿಸುತ್ತದೆ. ನಿಮ್ಮ ಸ್ವಿಚ್ ಮಾಡುವುದು ಆ ಕರೆಂಟನ್ನು ಎಂಜಿನ್ನಿನ ಮೈಗೆ ಇಳಿಸುವ ಕೆಲಸವನ್ನಷ್ಟೇ. ಅದಕ್ಕಾಗಿ ಸ್ವಿಚ್ಚಿಗೆ ಜೋಡಿಸಿರುವ ತೆಳು ವೈರು ಎಲ್ಲಾದರೂ ತುಂಡಾಗಿದ್ದರೆ, ಅಥವಾ ಅದರ ತುದಿ ತುಕ್ಕು ಹಿಡಿದಿದ್ದರೆ, ಸ್ವಿಚ್ ಆಫ್ ಇದ್ದರೂ ಎಂಜಿನ್ ಕಿಡಿ ಕೊಡಲು ಸಿದ್ಧವಾಗಿರುತ್ತದೆ. ಕಟ್ಟಿಕೊಂಡ ಕಸ ಎಳೆಯುವಾಗ ನೀವು ಫ್ಯಾನ್ ತಿರುಗಿಸುತ್ತೀರಿ. ಫ್ಯಾನ್ ತಿರುಗಿದರೆ ಶಾಫ್ಟೂ ತಿರುಗುತ್ತದೆ, ಅಯಸ್ಕಾಂತವೂ ತಿರುಗುತ್ತದೆ. ಒಂದು ಸಲ ಹತ್ತಿಕೊಂಡರೆ ಸಾಕು. ಹತ್ತಿಕೊಳ್ಳದಿದ್ದರೂ, ಸಿಲಿಂಡರಿನಲ್ಲಿ ಒತ್ತಿಕೊಂಡಿದ್ದ ಗಾಳಿ ಫ್ಯಾನನ್ನು ಗಬಕ್ಕನೆ ಹಿಂದಕ್ಕೆ ತಳ್ಳಬಹುದು. ಅಲಗಿಗೂ ಗೋಡೆಗೂ ನಡುವೆ ಬೆರಳಿದ್ದರೆ ಅಷ್ಟೇ ಸಾಕು ಜಜ್ಜಿ ಹೋಗಲು.

ಹಾಗಾಗಿ ಸರಿಯಾದ ಕ್ರಮ ಇದು. ಸಮತಟ್ಟಾದ ಜಾಗಕ್ಕೆ ತಂದು ಎಂಜಿನ್ ನಿಲ್ಲಿಸಿ. ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ನಲ್ಲಿ, ಮುಚ್ಚಿ. ಫ್ಯಾನ್ ಪೂರ್ತಿ ನಿಲ್ಲುವ ತನಕ ಕಾಯಿರಿ. ಪ್ಲಗ್ ಕ್ಯಾಪ್ ತೆಗೆದು, ಮತ್ತೆ ಪ್ಲಗ್ಗಿಗೆ ತಾಗದಂತೆ ದೂರಕ್ಕೆ ತಿರುಗಿಸಿಡಿ. ಸೈಲೆನ್ಸರ್ ಸುಡುತ್ತಿರುತ್ತದೆ, ಅದು ತಣಿಯಲಿ. ಆಮೇಲೆ ಹುಡುಕಿ. ಮೂತಿಯ ಬಾಯಿ, ಫ್ಯಾನಿನ ಕಣ್ಣು (ಕಸ ಫ್ಯಾನಿನೊಳಗೆ ಹೋಗುವ ನಡುವಿನ ತೂತು), ಹೊರಗೆ ಬರುವ ಕೊಳವೆಯ ತಿರುವು, ಚೀಲದ ಕುತ್ತಿಗೆ, ಈ ನಾಲ್ಕರಲ್ಲಿ ಒಂದು ಕಡೆ ಸಿಗುತ್ತದೆ. ಯಂತ್ರ ವಾಲಿಸಲೇಬೇಕಾದರೆ ಏರ್ ಫಿಲ್ಟರ್ ಇರುವ ಬದಿ ಮೇಲೆ ಬರಲಿ. ಇಲ್ಲವಾದರೆ ಆಯಿಲ್ ಹರಿದು ಫಿಲ್ಟರ್ ತೊಯ್ದು ಹೋಗುತ್ತದೆ. ಗ್ಲೌಸ್ ಹಾಕಿಕೊಳ್ಳಬೇಕಾದ್ದು ಈಗ, ಯಾಕೆಂದರೆ ಕಸದೊಳಗೆ ಗಾಜು, ತಂತಿ ಇರುತ್ತದೆ. ಕಸ ತೆಗೆದ ಮೇಲೆ ಅಲಗುಗಳಲ್ಲಿ ಬಿರುಕಿದೆಯಾ, ಬಾಗಿದೆಯಾ ನೋಡಿ. ಮತ್ತೆ ಸ್ಟಾರ್ಟ್ ಮಾಡಿದಾಗ ಮೊದಲಿಗಿಂತ ಜಾಸ್ತಿ ನಡುಗಿದರೆ ಆ ಕ್ಷಣವೇ ನಿಲ್ಲಿಸಿ. ಬಾಗಿದ ಫ್ಯಾನನ್ನು ಸುತ್ತಿಗೆಯಿಂದ ತಟ್ಟಿ ನೇರ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ತೂಕ ಸಮ ಇಲ್ಲದ ಫ್ಯಾನ್ ಆ ವೇಗದಲ್ಲಿ ಒಡೆದರೆ ಚೂರು ಎತ್ತ ಹಾರುತ್ತದೆ ಅಂತ ಹೇಳಲಾಗದು. ಹೊಸದನ್ನೇ ಹಾಕಿಸಿ.

ನಿಜವಾಗಿ ನೀವು ಕೇಳಬೇಕಿದ್ದದ್ದು ಬೇರೆ: ಇಷ್ಟು ಸಲ ಯಾಕೆ ಕಟ್ಟಿಕೊಳ್ಳುತ್ತಿದೆ? ಹತ್ತರಲ್ಲಿ ಎಂಟು ಜನ ಮೂತಿಯನ್ನು ನೆಲಕ್ಕೆ ತಾಗುವಷ್ಟು ಇಳಿಸಿಕೊಂಡಿರುತ್ತಾರೆ. ಇಳಿಸಿದಷ್ಟೂ ಜೋರಾಗಿ ಹೀರುತ್ತದೆ ಅನ್ನುವ ನಂಬಿಕೆ. ಕಸವನ್ನು ಹೊತ್ತುಕೊಂಡು ಹೋಗುವುದು ಗಾಳಿ. ಗಾಳಿ ಒಳಗೆ ಬರಲು ದಾರಿಯೇ ಇಲ್ಲದಿದ್ದರೆ ಎಲೆ ಅರ್ಧ ದಾರಿಯಲ್ಲೇ ಕೂರುತ್ತದೆ. ಮೂತಿ ಕಸದ ಮೇಲ್ಮೈಗಿಂತ ಸ್ವಲ್ಪ ಮೇಲಿರಲಿ. ಹುಲ್ಲಿನ ಮೇಲೆ ಇನ್ನೂ ಎತ್ತರ, ಗಟ್ಟಿ ನೆಲದ ಮೇಲೆ ಸ್ವಲ್ಪ ತಗ್ಗು. ರಾಶಿಯ ನಡುವೆ ನುಗ್ಗಿಸಬೇಡಿ, ಅಂಚಿನಿಂದ ಅರ್ಧ ಮೂತಿಯಷ್ಟು ಕಸ ತಿನ್ನಿಸುತ್ತಾ ಹೋಗಿ.

ಎರಡನೇ ಕಾರಣ ಚೀಲ. ಒಳಗೆ ಬಂದ ಗಾಳಿ ಹೊರಗೆ ಹೋಗುವುದು ಚೀಲದ ಬಟ್ಟೆಯ ಕಣ್ಣುಗಳಿಂದ. ಅವು ಧೂಳಿನಿಂದ ಮುಚ್ಚಿಹೋದರೆ ಎಂಜಿನ್ ಎಷ್ಟೇ ಕೂಗಿದರೂ ಹೀರುವುದಿಲ್ಲ. ಚೀಲವನ್ನು ಒಳಗಡೆ ಹೊರಗೆ ಮಾಡಿ ಕೊಡವಿ, ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒದ್ದೆ ಎಲೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಮೊದಲು ಕುಂಟೆಯಿಂದ ಬಿಡಿಸಿ, ಇಲ್ಲವೇ ಒಣಗಲು ಬಿಡಿ. ಹಗ್ಗ, ತಂತಿ, ಉದ್ದ ಪ್ಲಾಸ್ಟಿಕ್ ಪಟ್ಟಿ ಕಂಡರೆ ಮೊದಲೇ ಆರಿಸಿ ತೆಗೆಯಿರಿ. ಅವು ಫ್ಯಾನಿನ ಬುಡಕ್ಕೆ ಸುತ್ತಿಕೊಂಡರೆ ಬಿಡಿಸಲು ಅರ್ಧ ದಿನ ಬೇಕು. ಇಷ್ಟು ಮಾಡಿದರೆ ನಿಮ್ಮ ತೋಳು ಸೋಲುವ ಪ್ರಶ್ನೆ ಮುಕ್ಕಾಲು ಪಾಲು ಬರುವುದೇ ಇಲ್ಲ.

ಪ್ರಶ್ನೆ: ಚೀಲ ಸರಿಯಾಗಿ ಕೂತಿಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗದಂತೆ ನನ್ನ ಯಂತ್ರದಲ್ಲಿ ಒಂದು ಸ್ವಿಚ್ ಇದೆ. ಅದು ತೊಂದರೆ ಕೊಡುತ್ತಿತ್ತು. ಮೆಕ್ಯಾನಿಕ್ ವೈರು ಜೋಡಿಸಿ ‘ಡೈರೆಕ್ಟ್’ ಮಾಡಿಕೊಟ್ಟಿದ್ದಾರೆ. ಪರವಾಗಿಲ್ಲವಾ?

ಪರವಾಗಿಲ್ಲ ಅನ್ನುವ ಹಾಗೇ ಇಲ್ಲ, ಇದು ಅಪಾಯ. ಇಂದೇ ಮೊದಲಿನಂತೆ ಮಾಡಿಸಿ. ಚೀಲ ಕಳಚಿಕೊಂಡರೆ ಆ ಬಾಯಿಂದ ಕಲ್ಲು, ಗಾಜು ನೇರ ಹೊರಗೆ ಹಾರುತ್ತದೆ. ನೀವು ನಿಂತಿರುವುದೂ ಅದೇ ಕಡೆ. ಸ್ವಿಚ್ ಕೆಟ್ಟರೆ ಸ್ವಿಚ್ ಬದಲಿಸಬೇಕು. ಅದನ್ನು ಬಿಟ್ಟು ವೈರು ತಿರುಚಿ ಕೊಡುವವರಿಗೆ ಎಂಜಿನ್ ಸ್ಟಾರ್ಟ್ ಆದರೆ ಸಾಕು, ನಿಮ್ಮ ಕಣ್ಣಿನ ಚಿಂತೆ ಅವರಿಗಿಲ್ಲ. ಅಂಥವರ ಕೈಗೆ ಯಂತ್ರ ಕೊಡಬೇಡಿ.

ಪ್ರಶ್ನೆ: ಚೀಲ ಒಂದು ಕಡೆ ಹರಿದಿದೆ. ಟೇಪ್ ಹಚ್ಚಿದರೆ ಆಗುತ್ತದಾ?

ಇಲ್ಲ.

ಪ್ರಶ್ನೆ: ಪೆಟ್ರೋಲಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಎಂಜಿನ್ ತಂಪಾಗಿರುತ್ತದಂತೆ?

ಸುಳ್ಳು. ಹೊಗೆ, ಮಸಿ, ಎಂಜಿನ್ ಬಡಿತ ಇಷ್ಟೇ ಸಿಗುವುದು.

ಪ್ರಶ್ನೆ: ಮಳೆಗಾಲದಲ್ಲಿ ಗ್ಯಾರೇಜಿನೊಳಗೆ, ಶಟರ್ ಅರ್ಧ ತೆರೆದು ನೆಲ ಸ್ವಚ್ಛ ಮಾಡಬಹುದಾ?

ಅರ್ಧ ಅಲ್ಲ, ಪೂರ್ತಿ ತೆರೆದರೂ ಬೇಡ. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಸುಸ್ತು, ಹೊಟ್ಟೆ ತೊಳೆಸುವುದು. ಆ ಹೊತ್ತಿಗೆ ಯೋಚನೆಯೂ ಮಂಕಾಗಿರುತ್ತದೆ, ಹೊರಗೆ ಹೋಗಬೇಕು ಅಂತ ತೋಚುವುದಿಲ್ಲ. ಮಾಸ್ಕ್ ಹಾಕಿಕೊಂಡರೆ ಸಾಕು ಅನ್ನುವವರಿದ್ದಾರೆ. ಧೂಳಿನ ಮಾಸ್ಕ್ ಈ ಅನಿಲವನ್ನು ತಡೆಯುವುದೇ ಇಲ್ಲ. ಒಳಾಂಗಣಕ್ಕೆ ಪೊರಕೆ ಹಿಡಿಯಿರಿ, ಅಥವಾ ಕರೆಂಟಿನ ಯಂತ್ರ ತನ್ನಿ.

ಪ್ರಶ್ನೆ: ಬೂದಿ, ಸಿಗರೇಟ್ ತುಂಡು, ಪಾರಿವಾಳದ ಹಿಕ್ಕೆ ಎಲ್ಲವನ್ನೂ ಹೀರಬಹುದಾ?

ಬೂದಿ, ಸಿಗರೇಟ್ ಬೇಡ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಇರಬಹುದು. ಅದು ಒಣ ಎಲೆ ತುಂಬಿದ ಚೀಲಕ್ಕೆ ಬೀಳುತ್ತದೆ, ಮೇಲಿಂದ ಗಾಳಿ ಬೀಸುತ್ತಲೇ ಇರುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್. ಒಣ ಹಿಕ್ಕೆಯ ರಾಶಿಯನ್ನೂ ಹೀರಬೇಡಿ. ಹಿಸ್ಟೊಪ್ಲಾಸ್ಮಾ ಅನ್ನುವ ಶಿಲೀಂಧ್ರ ಅದರಲ್ಲಿ ಬೆಳೆದಿರಬಹುದು, ಧೂಳಾಗಿ ಎದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಂ, ಸಂಜೆ ಕೆಲಸ ಮುಗಿದ ಮೇಲೆ ಚೀಲ ಖಾಲಿ ಮಾಡಿಯೇ ಯಂತ್ರ ಒಳಗಿಡಿ. ನಾಳೆ ಮಾಡೋಣ ಅಂತ ಬಿಟ್ಟರೆ ಒದ್ದೆ ಎಲೆ ಕೊಳೆಯುತ್ತಾ ಬಿಸಿಯಾಗುತ್ತದೆ, ಬಟ್ಟೆಯೂ ಕೊಳೆಯುತ್ತದೆ.

ಪ್ರಶ್ನೆ: ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕಾ?

ಸಾಲದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಜಾಸ್ತಿ ಕೇಳಬಾರದು ಅನ್ನುವುದು ಪರಿಣತರು ಒಪ್ಪುವ ಮಿತಿ. ಸದ್ದು ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 94 ಆದರೆ ಒಂದೇ ಗಂಟೆ. ಕಿವಿ ಮುಚ್ಚುವ ಮಫ್, ಇಲ್ಲವೇ ಫೋಮ್ ಪ್ಲಗ್ ಬಳಸಿ. ಕಣ್ಣಿಗೆ ಬದಿಯೂ ಮುಚ್ಚುವ ಕನ್ನಡಕ ಬೇಕು.

ಪ್ರಶ್ನೆ: ಕೆಲಸದ ನಡುವೆ ಪೆಟ್ರೋಲ್ ಖಾಲಿಯಾದರೆ ತಕ್ಷಣ ತುಂಬಬಹುದಾ?

ತಕ್ಷಣ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಚೆಲ್ಲಿದರೆ ಕೆಳಗಿಳಿದು ಬಿಸಿ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಎಂಜಿನ್ ತಣಿಯಲಿ, ಅಷ್ಟರಲ್ಲಿ ಚೀಲ ಖಾಲಿ ಮಾಡಿ. ಬಯಲಿನಲ್ಲಿ, ಕ್ಯಾನನ್ನು ನೆಲದ ಮೇಲಿಟ್ಟೇ ಮುಚ್ಚಳ ತೆಗೆಯಿರಿ. ಟ್ಯಾಂಕಿನ ಕುತ್ತಿಗೆ ತನಕ ತುಂಬಬೇಡಿ, ಬಿಸಿಗೆ ಪೆಟ್ರೋಲ್ ಹಿಗ್ಗಲು ಜಾಗ ಬೇಕು. ಚೆಲ್ಲಿದ್ದರೆ ಒರೆಸಿ, ಯಂತ್ರವನ್ನು ಆ ಜಾಗದಿಂದ ಕನಿಷ್ಠ 3 ಮೀಟರ್ ದೂರ ತಳ್ಳಿಕೊಂಡು ಹೋಗಿ, ಆಮೇಲೆ ಹಗ್ಗ ಎಳೆಯಿರಿ.