ಮನೇಲಿ ಕಾರ್ ಚಾರ್ಜಿಂಗ್ ಪಾಯಿಂಟ್ ನಾವೇ ಮಾಡ್ಕೋಬಹುದಾ, ಎಲೆಕ್ಟ್ರಿಷಿಯನ್ನೇ ಬೇಕಾ?

ಪೋರ್ಟಿಕೋದಲ್ಲಿ ಆಗ್ಲೇ 15 ಆಂಪ್ಸ್ ಪಾಯಿಂಟ್ ಇದೆ, ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಬಿದ್ದು ಕರೆಂಟ್ ಕಟ್ ಮಾಡೋ ಸ್ವಿಚ್) ಆಗಾಗ ಟ್ರಿಪ್ ಆಗುತ್ತೆ, ಅದೊಂದನ್ನ ದೊಡ್ಡದು ಹಾಕ್ಕೊಂಡ್ರೆ ಮುಗೀತಲ್ಲ, ಎಲೆಕ್ಟ್ರಿಷಿಯನ್‌ಗೆ ಯಾಕೆ ಹನ್ನೆರಡು ಸಾವಿರ ಕೊಡ್ಲಿ ಅಂತ ಕೇಳಿದೀರಿ. ದಯವಿಟ್ಟು ಆ ಎಂಸಿಬಿ ಮುಟ್ಬೇಡಿ. ನಾನು ಮಾಡಿದ್ದೂ ಅದನ್ನೇ.

ನಮ್ದು ತುಮಕೂರು, ಮನೆ ನಮ್ಮಪ್ಪ ತೊಂಬತ್ತರ ದಶಕದಲ್ಲಿ ಕಟ್ಸಿದ್ದು. ಪೋರ್ಟಿಕೋ ಪಾಯಿಂಟಿಗೆ ಅಲ್ಲೀವರೆಗೂ ಹಾಕ್ತಿದ್ದಿದ್ದು ಅಂದ್ರೆ ವಾಷಿಂಗ್ ಮಷಿನ್, ಹಬ್ಬದಲ್ಲಿ ಗ್ರೈಂಡರ್, ಅಷ್ಟೇ. ಕಾರಿನ ಜೊತೆ ಬರೋ ಪೋರ್ಟಬಲ್ ಚಾರ್ಜರ್ 3.3 ಕಿಲೋವ್ಯಾಟ್, ಹತ್ತಿರ ಹತ್ತಿರ 15 ಆಂಪ್ಸ್ ಎಳೆಯುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ಎಂಸಿಬಿ ಬಿದ್ದಿರೋದು, ಬ್ಯಾಟರಿ ಅರ್ಧಕ್ಕೇ ನಿಂತಿರೋದು. ಪರಿಚಯದ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದ್ರೆ "ಏನಾಗಲ್ಲ ಸಾರ್, 16 ತೆಗ್ದು 32 ಹಾಕ್ಕೊಳಿ" ಅಂದ್ರು. ಅಂಗಡೀಲಿ ತಂದು ನಾನೇ ಹಾಕ್ದೆ. ಟ್ರಿಪ್ ಆಗೋದು ನಿಂತೇ ಹೋಯ್ತು, ನಂಗೂ ಸಮಾಧಾನ ಆಯ್ತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಬಹಳ ಜನಕ್ಕೆ ಇದು ಗೊತ್ತಿಲ್ಲ, ನಂಗೂ ಗೊತ್ತಿರ್ಲಿಲ್ಲ. ಎಂಸಿಬಿ ಇರೋದು ಕಾರು ಕಾಯೋಕಲ್ಲ, ಫ್ರಿಜ್ ಟಿವಿ ಕಾಯೋಕೂ ಅಲ್ಲ, ಗೋಡೆ ಒಳಗಿರೋ ವೈರು ಕಾಯೋಕೆ. ವೈರು ಎಷ್ಟು ತಡೆಯುತ್ತೋ ಅಷ್ಟರೊಳಗಿನ ಎಂಸಿಬಿ ಹಾಕ್ಬೇಕು. 16 ಆಂಪ್ಸ್‌ದು ಬೀಳ್ತಿತ್ತು ಅಂದ್ರೆ ಅದು ಕೆಟ್ಟಿರ್ಲಿಲ್ಲ, ಅದರ ಕೆಲಸ ಅದು ಮಾಡ್ತಿತ್ತು. ಅದೇ ಲೈನಲ್ಲಿ ಬೇರೆ ಲೋಡೂ ಇತ್ತು, ಬೋರ್ಡ್ ಒಳಗೆ ಬಿಸಿಯೂ ಇತ್ತು. 32 ಹಾಕಿದ ಮೇಲೆ ಆ ವೈರಲ್ಲಿ 25 ಆಂಪ್ಸ್ ಹರಿದ್ರೂ ಎಂಸಿಬಿ ಅಲುಗಾಡಲ್ಲ. ಆಮೇಲೆ ಬೀಳೋದು ಎಂಸಿಬಿ ಅಲ್ಲ, ಸುಡೋದು ವೈರು.

ಏಪ್ರಿಲ್ ಬಿಸಿಲಲ್ಲಿ ಒಂದಿನ ರಾತ್ರಿ ಪ್ಯಾಸೇಜಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ. ಅಮ್ಮ ಎಬ್ಬಿಸಿದ್ರು. ಮೈನ್ ಆಫ್ ಮಾಡಿ, ಅಟ್ಟದ ಪಕ್ಕದ ಜಂಕ್ಷನ್ ಬಾಕ್ಸ್ ಮುಚ್ಚಳ ಬಿಚ್ಚಿದ್ರೆ ಒಳಗಡೆ ಇನ್ಸುಲೇಷನ್ ಟೇಪು ಬೆಲ್ಲದ ಪಾಕದ ಥರ ಕರಗಿ ಇಳಿದಿತ್ತು, ನ್ಯೂಟ್ರಲ್ ವೈರು, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರು, ಒಂದು ಗೇಣು ಕಪ್ಪಾಗಿತ್ತು. ಬೋರ್ಡಿಂದ ಬಂದಿದ್ದು 2.5 ಸ್ಕ್ವೇರ್ ಎಂಎಂ ವೈರು, ಅಲ್ಲಿಂದ ಮುಂದಕ್ಕೆ ಯಾರೋ ಯಾವಾಗ್ಲೋ ಅದಕ್ಕಿಂತ ತೆಳ್ಳಗಿನ 1.5 ಎಳೆದು, ಎರಡನ್ನೂ ಕೈಯಲ್ಲೇ ತಿರುಚಿ ಟೇಪ್ ಸುತ್ತಿಟ್ಟಿದ್ರು. ಅಂಥ ಸಡಿಲ ಜಾಯಿಂಟಲ್ಲಿ 0.2 ಓಮ್ ರೆಸಿಸ್ಟೆನ್ಸ್ ಇದ್ರೂ ಲೆಕ್ಕ ಹಾಕಿ, 15 ಇಂಟು 15 ಇಂಟು 0.2, 45 ವ್ಯಾಟ್. ಗೋಡೆ ಒಳಗೆ ಒಂದು ಸೋಲ್ಡರಿಂಗ್ ಐರನ್ ಆನ್ ಮಾಡಿಟ್ಟು ಮಲಗಿದ ಹಾಗೆ. ಸಾಮಾನ್ಯ ಪಿವಿಸಿ ವೈರು ತಡೆಯೋದು 70 ಡಿಗ್ರಿ. ಗೀಸರೂ ಇಷ್ಟೇ ಕರೆಂಟ್ ಎಳೆಯುತ್ತಲ್ಲ ಅಂತೀರಿ, ಆದ್ರೆ ಗೀಸರ್ ಕಾಲು ಗಂಟೇಲಿ ಆಫ್ ಆಗುತ್ತೆ, ಜಾಯಿಂಟ್ ತಣ್ಣಗಾಗುತ್ತೆ. ಕಾರು ಎಂಟೊಂಬತ್ತು ಗಂಟೆ ಬಿಡದೇ ಎಳೆಯುತ್ತೆ, ಅದೂ ನಾವು ನಿದ್ದೆ ಮಾಡೋ ಹೊತ್ತಲ್ಲಿ.

ಗೋಡೆ ಕೊರೆದು ಆ ಕಡೆ ವೈರಿಂಗ್ ಎಲ್ಲಾ ಹೊಸದು ಮಾಡಿಸ್ಬೇಕಾಯ್ತು, ಪೇಂಟೂ ಸೇರಿ ನಿಮ್ಗೆ ಕೇಳಿರೋ ದುಡ್ಡಿನ ಮೂರು ಪಟ್ಟು ಹೋಯ್ತು. ಬೆಂಕಿ ಹತ್ಕೊಳ್ಳಲಿಲ್ಲ, ಆ ಬಾಕ್ಸ್ ಆಚೆ ರೂಮಲ್ಲೇ ಅಮ್ಮ ಮಲಗೋದು.

ಹಾಗಾಗಿ ನಾನೇ ಮಾಡ್ಲಾ ಅವರ ಕೈಲಿ ಮಾಡಿಸ್ಲಾ ಅನ್ನೋ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನಿಸುತ್ತೆ ನಂಗೆ. ನಂಗೆ 32 ಹಾಕಿ ಅಂದಿದ್ದೂ ಎಲೆಕ್ಟ್ರಿಷಿಯನ್ನೇ. ಹಳೇ ಲೈನಿಗೆ ಕಾರು ಹಾಕೋದೇ ತಪ್ಪು, ಯಾರು ಹಾಕಿದ್ರೂ. ಮೀಟರ್ ಬೋರ್ಡಿಂದ ಪೋರ್ಟಿಕೋವರೆಗೆ ಮಧ್ಯ ಎಲ್ಲೂ ಜಾಯಿಂಟ್ ಇಲ್ಲದ ಬೇರೆ ಲೈನ್ ಬೇಕು. 15 ಆಂಪ್ಸ್ ಚಾರ್ಜರಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಮುಂದೆ 7.2 ಕಿಲೋವ್ಯಾಟ್ ವಾಲ್ ಚಾರ್ಜರ್ ಹಾಕ್ಸೋ ಯೋಚನೆ ಇದ್ರೆ ಈಗ್ಲೇ 6 ಎಳೆಸಿಬಿಡಿ, ಆ ಚಾರ್ಜರ್ 32 ಆಂಪ್ಸ್ ಎಳೆಯುತ್ತೆ. 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಕಟ್ ಮಾಡೋ ಸ್ವಿಚ್) ಕಡ್ಡಾಯ, ಅದೂ ಟೈಪ್ ಎ ಅನ್ನೋ ಬಗೇದು ಕೇಳಿ ತಗೊಳಿ. ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಕೈಲೇ ಮಾಡಿಸಿ, ಹಾಗೇ ಬೆಸ್ಕಾಂ ಬಿಲ್ಲಲ್ಲಿ ಸ್ಯಾಂಕ್ಷನ್ಡ್ ಲೋಡ್, ಅಂದ್ರೆ ಮನೆಗೆ ಮಂಜೂರಾಗಿರೋ ಲೋಡ್, ಎಷ್ಟಿದೆ ನೋಡಿ. ಹಳೇ ಮನೆಗಳಲ್ಲಿ 2 ಅಥವಾ 3 ಕಿಲೋವ್ಯಾಟ್ ಇರುತ್ತೆ, ಕಾರೊಂದೇ ಅದನ್ನ ದಾಟುತ್ತೆ, ಲೋಡ್ ಜಾಸ್ತಿ ಮಾಡಿಸ್ಲೇಬೇಕು.

ಅರ್ಥಿಂಗ್ ವಿಷಯದಲ್ಲಂತೂ ರಾಜಿ ಬೇಡವೇ ಬೇಡ. ಅರ್ಥ್ ಸರಿ ಇಲ್ದಿದ್ರೆ ಚಾರ್ಜರಲ್ಲಿ ಕೆಂಪು ಲೈಟ್ ಬರುತ್ತೆ, ಚಾರ್ಜ್ ಆಗಲ್ಲ. ಆಗ ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ನ ಅರ್ಥ್ ಪಿನ್ನಿಗೆ ಸೇರಿಸಿ ಕೊಡ್ತಾರೆ, ಲೈಟೂ ಹಸಿರಾಗುತ್ತೆ. ಅಂಥವರನ್ನ ಅಲ್ಲಿಂದ್ಲೇ ವಾಪಸ್ ಕಳಿಸಿ. ಹಿಂದೆ ಎಲ್ಲೋ ನ್ಯೂಟ್ರಲ್ ಕಟ್ ಆದ್ರೆ ಕಾರಿನ ಬಾಡಿಗೇ ಕರೆಂಟ್ ಬರುತ್ತೆ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಡೋರ್ ಮುಟ್ಟಿದ ಮಗುವಿನ ಗತಿ ಏನು? ಪಿಟ್ ತೋಡ್ಸಿ ಬೇರೆ ಅರ್ಥಿಂಗ್ ಮಾಡಿಸಿ.

ಹೊಸ ಲೈನ್ ಆಗೋವರೆಗೂ ಚಾರ್ಜ್ ಹೊರಗಡೆ ಮಾಡ್ಕೊಳಿ. ಮನೇಲಿ ಹಾಕ್ಲೇಬೇಕಾದ್ರೆ, ಚಾರ್ಜರಲ್ಲೋ ಗಾಡೀಲೋ ಆಂಪ್ಸ್ ಕಮ್ಮಿ ಮಾಡೋ ಸೆಟ್ಟಿಂಗ್ ಇದ್ಯಾ ನೋಡಿ 10ಕ್ಕೆ ಇಳಿಸಿ, ಬಿಸಿ ಅರ್ಧಕ್ಕಿಂತ ಕಮ್ಮಿ ಆಗುತ್ತೆ. ಹಗಲು ಹೊತ್ತಲ್ಲೇ ಹಾಕಿ, ಒಂದು ಗಂಟೆ ಆದ್ಮೇಲೆ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ, ಕೈ ಇಡೋಕಾಗದಷ್ಟು ಬಿಸಿ ಇದ್ರೆ ಅವತ್ತಿಂದ್ಲೇ ಆ ಪಾಯಿಂಟ್ ಬಿಟ್ಬಿಡಿ.